ತೋಟದ ಹಳೆಯ ಟ್ರ್ಯಾಕ್ಟರಿನ ಮುಂದಿನ ಚಕ್ರ

ಎತ್ತಿನ ಗಾಡಿ ಕಂಡು ಬೆಳೆದವರಿಗೆ ಗುಂಭ, ಅಚ್ಚು, ಕಡಾಣಿ, ಕೀಲೆಣ್ಣೆ ಎಂಬ ಮಾತುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಚ್ಚು ತಿರುಗದು, ಅದರ ಮೇಲೆ ಗುಂಭ ತಿರುಗುತ್ತದೆ, ಕಡಾಣಿಯು ಚಕ್ರ ಹೊರಕ್ಕೆ ಜಾರದಂತೆ ತಡೆಯುತ್ತದೆ. ಅಮೆರಿಕದ ಮನೆಗಳಲ್ಲಿ ಹುಲ್ಲು ಕತ್ತರಿಸಲು, ಸಣ್ಣ ನೇಗಿಲು ಎಳೆಯಲು, ಚಳಿಗಾಲದಲ್ಲಿ ಹಿಮ ತಳ್ಳಲು ಬಳಸುವ ತೋಟದ ಟ್ರ್ಯಾಕ್ಟರಿನ ಮುಂದಿನ ಚಕ್ರದಲ್ಲಿಯೂ ಇರುವುದು ಇಷ್ಟೇ. ಹೆಸರು ಮಾತ್ರ ಬೇರೆ: ಅಚ್ಚಿಗೆ ಸ್ಪಿಂಡಲ್, ಗುಂಭಕ್ಕೆ ಹಬ್ಬು, ಕಡಾಣಿಗೆ ಸ್ಪ್ಲಿಟ್ ಪಿನ್ನು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ದೇಶದಲ್ಲಿ ಇವುಗಳ ಬಳಕೆ ಬಹಳ ಹೆಚ್ಚಿತು. ಇಂಡಿಯಾನಾ ರಾಜ್ಯದ ಸೌತ್ ಬೆಂಡಿನಲ್ಲಿ 1946ರಲ್ಲಿ ವೀಲ್ ಹಾರ್ಸ್ ಕಂಪನಿ ಹುಟ್ಟಿತು. 1963ರಲ್ಲಿ ಜಾನ್ ಡಿಯರ್ ಕಂಪನಿಯವರು 110 ಎಂಬ ಮಾದರಿಯನ್ನು ಹೊರತಂದರು. ಆ ಕಾಲದ ಯಂತ್ರಗಳಲ್ಲಿ ಹಲವು ಇಂದಿಗೂ ಓಡುತ್ತಿವೆ. ಇಂಜಿನ್ನು ಗಟ್ಟಿಯಾಗಿಯೇ ಇರುತ್ತದೆ; ಮುಂದಿನ ಚಕ್ರಗಳು ಮಾತ್ರ ಕುಡಿದವನಂತೆ ತೂರಾಡತೊಡಗುತ್ತವೆ. ಹೀಗೇಕೆ?

ಮುಖ್ಯ ಕಾರಣ ಚಕ್ರದ ಗಾತ್ರ. 16 ಅಂಗುಲ ವ್ಯಾಸದ ಚಕ್ರವು ಒಂದು ಮೈಲಿ ಹೋಗಲು ಸುಮಾರು 1,260 ಸುತ್ತು ಸುತ್ತಬೇಕು. 23 ಅಂಗುಲದ ಹಿಂದಿನ ಚಕ್ರಕ್ಕೆ ಸುಮಾರು 880 ಸುತ್ತು ಸಾಕು. ಸಣ್ಣ ಚಕ್ರದ ಹಬ್ಬು ನೆಲಕ್ಕೂ ಹತ್ತಿರ. ಧೂಳು ಮರಳು ಸುಲಭವಾಗಿ ಒಳಹೊಗುತ್ತವೆ. ಗ್ರೀಸಿನೊಡನೆ ಬೆರೆತ ಮರಳು ಅರದಂತೆ ಉಜ್ಜುತ್ತದೆ. ಗ್ರೀಸು ಹಾಕುವುದನ್ನು ಮರೆತರಂತೂ ಹೇಳುವುದೇ ಬೇಡ.

ಇಲ್ಲಿ ಗಮನಿಸಬೇಕಾದ ಒಂದು ಸ್ವಾರಸ್ಯವಿದೆ. ಹಬ್ಬಿನೊಳಗಿನ ಬುಷ್ ತಿರುಗುತ್ತಿರುವುದರಿಂದ ಸುತ್ತಲೂ ಒಂದೇ ಸಮನಾಗಿ ಸವೆಯುತ್ತದೆ. ಸ್ಪಿಂಡಲ್ ತಿರುಗದು, ಭಾರವೆಲ್ಲ ಅದರ ಕೆಳಮೈಯಿಂದ ಬುಷ್ಷಿಗೆ ಇಳಿಯುತ್ತದೆ. ಆದ್ದರಿಂದ ಸ್ಪಿಂಡಲ್ ಸವೆಯುವುದು ಬಹುಪಾಲು ಕೆಳಗಡೆಯೇ. ಚಕ್ರ ಕಳಚಿ, ಸ್ಪಿಂಡಲಿನ ಅಡಿಯಲ್ಲಿ ಉಗುರು ಎಳೆದು ನೋಡಿ. ಮೆಟ್ಟಿಲಿನಂತೆ ತಟ್ಟಿದರೆ ಬುಷ್ ಒಂದನ್ನೇ ಬದಲಿಸಿ ಫಲವಿಲ್ಲ. ಮೇಲಿನಿಂದ ನೋಡಿ "ಅಚ್ಚು ಚೆನ್ನಾಗಿದೆ" ಎಂದು ತೀರ್ಮಾನಿಸಿ ಮೋಸಹೋಗುವವರೇ ಹೆಚ್ಚು.

ಕಳಚುವ ಮೊದಲು ರೋಗ ಯಾವುದೆಂದು ತಿಳಿಯಬೇಕಷ್ಟೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿಯಿಂದ ಎತ್ತಿ ಮರದ ದಿಮ್ಮಿಯ ಮೇಲೆ ಕೂರಿಸಿ. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಆಟ ಮೂರು ಕಡೆ ಇರಬಹುದು: ಹಬ್ಬಿನಲ್ಲಿ, ಸ್ಪಿಂಡಲ್ ತಿರುವಿಗೆ ತಿರುಗುವ ನಿಲುಗೂಟದಲ್ಲಿ, ಮುಂದಿನ ಅಡ್ಡಕಂಬಿ ತೂಗುವ ನಡುಪಿನ್ನಿನಲ್ಲಿ. ಒಬ್ಬರು ಅಲ್ಲಾಡಿಸುವಾಗ ಇನ್ನೊಬ್ಬರು ಒಂದೊಂದು ಸಂದಿಯನ್ನೂ ದಿಟ್ಟಿಸಿ ನೋಡಿದರೆ ತಿಳಿಯುತ್ತದೆ. 3 ಅಂಗುಲ ಉದ್ದದ ಹಬ್ಬಿನಲ್ಲಿ ಕೇವಲ 1/16 ಅಂಗುಲ ಸಡಿಲವಿದ್ದರೂ ಚಕ್ರದ ಅಂಚು ಒಟ್ಟು 1/3 ಅಂಗುಲದಷ್ಟು ಓಲಾಡುತ್ತದೆ.

ಇನ್ನು ರಿಪೇರಿ. ಎಲ್ಲರಿಗೂ ಮೊದಲು ಹೊಳೆಯುವುದು ಡಬ್ಬಿಯ ತಗಡನ್ನು ಪಟ್ಟಿಯಾಗಿ ಕತ್ತರಿಸಿ ಸ್ಪಿಂಡಲಿಗೆ ಸುತ್ತುವುದು. ಆ ದಿನಕ್ಕೆ ಚಕ್ರ ನೆಟ್ಟಗೆ ನಿಲ್ಲುತ್ತದೆ. ಆದರೆ ತಗಡು ಬೇಗನೆ ಹರಿದು, ಮುದುಡಿ, ಸ್ಪಿಂಡಲನ್ನೇ ಕೊರೆಯುತ್ತದೆ. ಆಟವನ್ನು ಕಣ್ಣಿಗೆ ಮರೆಮಾಡಿತೇ ಹೊರತು ತೆಗೆಯಲಿಲ್ಲ. ಸ್ಪ್ಲಿಟ್ ಪಿನ್ನಿನ ಬದಲು ಮೊಳೆ ಬಡಿಯುವುದು ಇದಕ್ಕಿಂತ ಕೆಟ್ಟದ್ದು. ತಿರುವಿನಲ್ಲಿ ಪಕ್ಕದ ಒತ್ತಡ ಬಿದ್ದು ಮೊಳೆ ತುಂಡಾದರೆ, ಇಳಿಜಾರಿನಲ್ಲಿ ಚಕ್ರ ಒಂದು ದಾರಿ, ಸವಾರ ಒಂದು ದಾರಿ.

ಒಪ್ಪಬಹುದಾದ ತಾತ್ಕಾಲಿಕ ಕೆಲಸಗಳೂ ಇವೆ. ಪಿನ್ನಿನ ತೂತು ಅಗಲವಾಗಿದ್ದರೆ ಸ್ಪಿಂಡಲಿನ ತುದಿಗೆ ನೇರವಾಗಿ ತೂತು ಕೊರೆದು, ಮರೆ ಹಾಕಿ, ದಪ್ಪ ವಾಷರಿನೊಡನೆ ಬೋಲ್ಟು ಬಿಗಿಯಬಹುದು. ಪಕ್ಕದ ಆಟಕ್ಕೆ ವಾಷರು ಸೇರಿಸುವುದು ಸರಿಯಾದ ಮಾರ್ಗವೇ. ಸವೆದ ಉಕ್ಕಿನ ಸ್ಪಿಂಡಲಿಗೆ ವೆಲ್ಡಿಂಗಿನಿಂದ ಲೋಹ ತುಂಬಿ ಲೇತಿನಲ್ಲಿ ಕಡೆಯಿಸಬಹುದು. ಸ್ಪಿಂಡಲ್ 3/4 ಅಂಗುಲವಿದ್ದು ಹಬ್ಬಿನ ರಂಧ್ರ 1 3/8 ಅಂಗುಲವಿದ್ದರೆ, ಬುಷ್ ತೆಗೆದು ಅಂಚುಳ್ಳ ಬಾಲ್ ಬೇರಿಂಗು ಕೂರಿಸಬಹುದು. ಈ ಅಳತೆಯದು ಅಲ್ಲಿ ತಳ್ಳುಗಾಡಿಗಳಿಗೂ ಬಳಸುವ ಸಾಮಾನ್ಯ ಬೇರಿಂಗು. ರಂಧ್ರ ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಮಾತ್ರ ಇದು ಕೂಡಿಬರದು.

ರಿಮ್ ತುಕ್ಕುಹಿಡಿದು ಗಾಳಿ ನಿಲ್ಲದಿದ್ದರೆ ಒಳಗೆ ಟ್ಯೂಬು ಹಾಕಿದರಾಯಿತು. ಟ್ಯೂಬಿಲ್ಲದ ಟೈರಿನ ಅಂಚು ರಿಮ್ಮಿಗೆ ಕೂರದಿದ್ದರೆ, ಟೈರಿನ ನಡುವೆ ಹಗ್ಗ ಸುತ್ತಿ ಕೋಲಿನಿಂದ ತಿರುಚಿ ಬಿಗಿದು, ಅಂಚು ಹೊರಕ್ಕೆ ಉಬ್ಬಿದಾಗ ನಿಧಾನವಾಗಿ ಗಾಳಿ ತುಂಬಬೇಕು. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಒತ್ತಡವನ್ನು ಮೀರಬಾರದು. ಪೆಟ್ರೋಲು ಚಿಮುಕಿಸಿ ಬೆಂಕಿ ತಾಗಿಸಿ ಕೂರಿಸುವ ಹುಚ್ಚು ಸಾಹಸದ ಹತ್ತಿರ ಸುಳಿಯಬೇಡಿ.

ವರ್ಕ್‌ಶಾಪುಗಳಲ್ಲಿ ದುಡಿಯುವ ನಮ್ಮ ಓದುಗರು ಇನ್ನೊಂದು ಮಾತನ್ನು ಅಗತ್ಯವಾಗಿ ನೆನಪಿಡಬೇಕು. ಬಿರುಕುಬಿಟ್ಟ ರಿಮ್ಮನ್ನು ಟೈರು ಇರುವಾಗಲೇ ವೆಲ್ಡ್ ಮಾಡಬಾರದು. ಗಾಳಿ ಬಿಟ್ಟಿದ್ದೇವೆ, ವಾಲ್ವಿನ ಸೂಜಿಯನ್ನೂ ತೆಗೆದಿದ್ದೇವೆ ಎಂಬ ಸಮಾಧಾನ ಸಾಲದು. ಕಾವಿಗೆ ರಬ್ಬರು ಬೆಂದು, ಉರಿಯುವ ಅನಿಲ ಟೈರಿನೊಳಗೆ ಕೂಡಿಕೊಂಡು ಸಿಡಿಯುತ್ತದೆ. ಲಾರಿ ಚಕ್ರಗಳಲ್ಲಿ ಹೀಗೆ ಪ್ರಾಣ ಕಳೆದುಕೊಂಡವರಿದ್ದಾರೆ. ಮೇಸ್ತ್ರಿ ಎಷ್ಟೇ ಅವಸರಪಡಿಸಲಿ, ಟೈರನ್ನು ರಿಮ್ಮಿನಿಂದ ಪೂರ್ತಿ ಕಳಚಿಯೇ ಕೈಹಚ್ಚಬೇಕು.

ಎಲ್ಲ ಜೋಡಿಸಿದ ಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ತಡೆಯಿಲ್ಲದೆ ಸುತ್ತಬೇಕು, ಓಲಾಡಬಾರದು. ಅರ್ಧ ಗಂಟೆ ಓಡಿಸಿ ಹಬ್ಬನ್ನು ಮುಟ್ಟಿ ನೋಡಿ. ಕೈ ಸುಡುವಷ್ಟು ಬಿಸಿಯಾಗಿದ್ದರೆ ಬಿಗಿ ಹೆಚ್ಚಾಗಿದೆ, ಇಲ್ಲವೇ ಗ್ರೀಸು ಒಳಗೆ ತಲುಪಿಲ್ಲ, ಮತ್ತೆ ಕಳಚಬೇಕು.