ವಕೀಲರು ಕೈಕೊಟ್ಟರೆ ದಾರಿ ಯಾವುದು?

‘ಮುಂದಿನ ತಿಂಗಳಿಗೆ ದಿನಾಂಕ ಬಿದ್ದಿದೆ, ಆಗ ಬನ್ನಿ.’ ವರ್ಷಗಟ್ಟಲೆ ಈ ಮಾತು ನಂಬಿ ಓಡಾಡಿದವರಿಗೆ, ಕೇಸು ಗೈರುಹಾಜರಿಗೆ ವಜಾ ಆಗಿ ಎಷ್ಟೋ ಕಾಲವಾಯಿತು ಎಂದು ಒಂದು ದಿನ ತಿಳಿಯುತ್ತದೆ. ಜಮೀನಿನ ವ್ಯಾಜ್ಯದಲ್ಲಿ ಇದು ಇಡೀ ಮನೆತನದ ನಷ್ಟ.

ಕೇಸು ಸೋತ ಮಾತ್ರಕ್ಕೆ ವಕೀಲರು ತಪ್ಪು ಮಾಡಿದ್ದಾರೆ ಎನ್ನಲಾಗದು. ಆದರೆ ಕಕ್ಷಿದಾರರ ಹಣಕ್ಕೆ ಲೆಕ್ಕ ಕೊಡದಿರುವುದು, ಎದುರು ಪಕ್ಷದವರೊಂದಿಗಿನ ನಂಟು ಮುಚ್ಚಿಡುವುದು, ಮುಂಚೆ ತಿಳಿಸದೆ ಕೇಸು ಕೈಬಿಡುವುದು, ಗೆದ್ದರೆ ಇಷ್ಟು ಪಾಲು ಎಂದು ಶುಲ್ಕ ಮಾತಾಡುವುದು, ಇವು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಿಗೆ ವಿರುದ್ಧ.

ಎಚ್ಚರ ವಕಾಲತ್ತಿಗೆ ಸಹಿ ಹಾಕುವ ದಿನವೇ ಶುರುವಾಗಲಿ. ಶುಲ್ಕ ಎಷ್ಟೆಂದು ಬರೆಸಿಕೊಳ್ಳಿ, ಕೊಟ್ಟ ಹಣಕ್ಕೆ ರಸೀದಿ ಕೇಳಿ. ಖಾಲಿ ಹಾಳೆಗೆ ಸಹಿ ಬೇಡ. ಮೂಲ ಪತ್ರ ಕೊಡಲೇಬೇಕಾದರೆ ಜೆರಾಕ್ಸ್ ಮೇಲೆ ‘ಮೂಲ ಪಡೆದಿದ್ದೇನೆ’ ಎಂದು ಸಹಿ ಮಾಡಿಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾಗಿ, ಕೇಸಿನ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಕೇಳಿ ಪಡೆಯಿರಿ. ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ದಿನಾಂಕ, ಹಿಂದಿನ ಆದೇಶ ಎರಡೂ ಉಚಿತವಾಗಿ ಸಿಗುತ್ತವೆ. ಮೊಬೈಲ್ ಬಾರದಿದ್ದರೆ ಮನೆಯ ಮಕ್ಕಳ ಕೈಲಿ ತಿಂಗಳಿಗೊಮ್ಮೆ ನೋಡಿಸಿ. ಗೈರುಹಾಜರಿಗೆ ವಜಾ ಆದ ದಾವೆಯನ್ನು ಮತ್ತೆ ತೆರೆಸಲು ಕಾನೂನು ಕೊಡುವುದು 30 ದಿನ ಮಾತ್ರ. ತಡವಾದರೆ ಸಕಾರಣ ತೋರಿಸಿ ವಿಳಂಬವನ್ನು ಕ್ಷಮಿಸಲು ಕೋರಬೇಕು.

ನಂಬಿಕೆ ಹೋಯಿತೇ? ವಕೀಲರನ್ನು ಬದಲಿಸುವುದು ನಿಮ್ಮ ಹಕ್ಕು. ಮೊದಲಿನವರಿಂದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಕೇಳಿ. ಕೊಡದಿದ್ದರೆ ಹೊಸ ವಕೀಲರ ಮೂಲಕ ನ್ಯಾಯಾಲಯದ ಅನುಮತಿ ಪಡೆಯಬಹುದು. ಶುಲ್ಕ ಬಾಕಿ ಇದೆಯೆಂದು ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ದುರ್ನಡತೆಯ ದೂರನ್ನು ವಕೀಲರ ಕಾಯ್ದೆ, 1961ರ 35ನೇ ಕಲಂ ಅಡಿ ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಕೊಡಬೇಕು. ಬರೀ ಸಿಟ್ಟು ಬರೆದರೆ ಸಾಲದು. ರಸೀದಿ, ವಾಟ್ಸ್‌ಆ್ಯಪ್ ಸಂದೇಶ, ಆದೇಶದ ಪ್ರತಿಗಳನ್ನು ದಿನಾಂಕದ ಕ್ರಮದಲ್ಲಿ ಲಗತ್ತಿಸಿ. ತಪ್ಪು ಸಾಬೀತಾದರೆ ಛೀಮಾರಿ, ಅಮಾನತು ಅಥವಾ ಸನ್ನದು ರದ್ದು. ಒಂದು ವರ್ಷದಲ್ಲಿ ಇತ್ಯರ್ಥವಾಗದಿದ್ದರೆ ದೂರು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ.

ಪರಿಹಾರದ ಹಣ ಬೇಕಿದ್ದರೆ ದಾರಿ ಬೇರೆ. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಒಳಪಡುವುದಿಲ್ಲ ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿರುವುದರಿಂದ ಸಿವಿಲ್ ದಾವೆಯನ್ನೇ ಹೂಡಬೇಕು. ಸಾಮಾನ್ಯ ಜನರಿಗೆ ಇದು ಭಾರವೇ ಸರಿ.

ಹೊಸ ವಕೀಲರಿಗೆ ಹಣವಿಲ್ಲವೆಂದು ಸುಮ್ಮನಾಗಬೇಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಸರ್ಕಾರದಿಂದ ಉಚಿತ ಕಾನೂನು ನೆರವು ಉಂಟು. 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಗೆ ಹೋಗಿ ಅರ್ಜಿ ಕೊಡಿ.