ಚುಚ್ಚುಮದ್ದು ಹಾಕಿಸಿ ಮೂರು ವಾರ ಕಾಯಬೇಕೇಕೆ?

"ಚುಚ್ಚುಮದ್ದು ಹಾಕಿಸಿದರೂ ಎತ್ತಿಗೆ ಕಾಲುಬಾಯಿ ಬೇನೆ ಬಂತಲ್ಲ!" ಎಂಬ ದೂರನ್ನು ಜಾತ್ರೆಯ ದಿನಗಳಲ್ಲಿ ನಾವು ಆಗಾಗ ಕೇಳುತ್ತೇವೆ. ವಿಚಾರಿಸಿದರೆ, ಮದ್ದು ಹಾಕಿಸಿದ ಮರುದಿನವೇ ಎತ್ತನ್ನು ದನದ ಜಾತ್ರೆಗೆ ಹೊಡೆದುಕೊಂಡು ಹೋದದ್ದು ತಿಳಿಯುತ್ತದೆ. ಮದ್ದನ್ನು ದೂರಿ ಫಲವಿಲ್ಲ. ಅದು ಮೈಯೊಳಗೆ ಮಾಡುವ ಕೆಲಸವನ್ನು ರೈತ ಬಾಂಧವರು ಅರಿತಿರಬೇಕು.

ಈ ಮದ್ದಿನಲ್ಲಿರುವುದು ಸಾಯಿಸಿದ ವೈರಾಣು. ಅದು ಮೈ ಸೇರಿದೊಡನೆ ಕಾವಲು ಜೀವಕೋಶಗಳು ಅದನ್ನು ನುಂಗುತ್ತವೆ. ಕೋಶದೊಳಗೆ ಹುಳಿರಸದ ಸಣ್ಣ ಚೀಲಗಳಿವೆ. ಅಲ್ಲಿ ಕ್ಯಾಥೆಪ್ಸಿನ್ ಮೊದಲಾದ ಕಿಣ್ವಗಳು ವೈರಾಣುವಿನ ಸಸಾರಜನಕವನ್ನು, ಅಂದರೆ ಪ್ರೋಟೀನನ್ನು, ಕತ್ತರಿಸುತ್ತವೆ. ಪ್ರೋಟೀನೆಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಆ ಉದ್ದನೆಯ ಸರ ಸುಮಾರು 13ರಿಂದ 25 ಮಣಿಗಳ ತುಂಡುಗಳಾಗುತ್ತದೆ. ಈ ತುಂಡುಗಳನ್ನು ಎಂ.ಎಚ್.ಸಿ. ಎಂಬ ಹಿಡಿಕೆಯಲ್ಲಿಟ್ಟು ಕೋಶವು ತನ್ನ ಹೊರಮೈಯಲ್ಲಿ ತೋರಿಸುತ್ತದೆ.

ಅಡತಿ ಅಂಗಡಿಯಲ್ಲಿ ಚೀಲವನ್ನೆಲ್ಲ ಸುರುವದೆ ಒಂದು ಹಿಡಿ ಕಾಳು ತೋರಿಸುವುದಿಲ್ಲವೇ? ಇದೂ ಹಾಗೆಯೇ. ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು ಇಡೀ ವೈರಾಣುವನ್ನು ಗುರುತಿಸಲಾರವು. ಹಿಡಿಕೆಯಲ್ಲಿಟ್ಟ ತುಂಡನ್ನು ಬಲ್ಲವು. ಟಿ-ಕೋಶಕ್ಕೆ ಈ ಹಿಡಿಕೆ ಬೇಕೇ ಬೇಕೆಂದು 1974ರಲ್ಲಿ ಆಸ್ಟ್ರೇಲಿಯಾದಲ್ಲಿ ಪ್ರಯೋಗದಿಂದ ತೋರಿಸಿದವರು ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್. ಡೊಹರ್ಟಿಯವರು ಓದಿದ್ದು ಪಶುವೈದ್ಯ ಶಾಸ್ತ್ರವನ್ನು. ಇಬ್ಬರಿಗೂ 1996ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಜೀವಂತ ವೈರಾಣು ಹೊಕ್ಕ ಕೋಶದಲ್ಲಿ ದಾರಿ ಬೇರೆ. ಅಲ್ಲಿ ಪ್ರೋಟಿಯಸೋಮ್ ಎಂಬ ಕಿಣ್ವಯಂತ್ರವು ಸರವನ್ನು ಕತ್ತರಿಸುತ್ತದೆ. ಇನ್ನೊಂದು ಕಿಣ್ವ ತುದಿಯನ್ನು ಸವರಿ 8ರಿಂದ 10 ಮಣಿಗಳಿಗೆ ಇಳಿಸುತ್ತದೆ. ಆ ತುಂಡನ್ನು ಕಂಡ ಟಿ-ಕೋಶ ಬೇನೆ ಹಿಡಿದ ಕೋಶವನ್ನೇ ಕೊಲ್ಲುತ್ತದೆ.

ಮದ್ದಿನ ತುಂಡಿಗೆ ಸರಿಹೊಂದುವ ಟಿ-ಕೋಶಗಳು ಮೊದಲಿಗೆ ಬಹಳ ವಿರಳ. ಅವು ತುಂಡನ್ನು ಕಂಡು, ಬೆಳೆದು ಹಲವಾಗಿ, ಬಿ-ಕೋಶಗಳಿಗೆ ನೆರವಾಗಬೇಕು. ಆಗಲೇ ವೈರಾಣುವನ್ನು ತಡೆಯುವ ಪ್ರತಿಕಾಯಗಳು ರಕ್ತದಲ್ಲಿ ತುಂಬುತ್ತವೆ. ಇದಕ್ಕೆಲ್ಲ ಎರಡು ಮೂರು ವಾರ ಹಿಡಿಯುತ್ತದೆ. ಎರಡನೆಯ ಸಲ ಮದ್ದು ಬಿದ್ದಾಗ ಹಳೆಯ ನೆನಪುಳ್ಳ ಕೋಶಗಳು ಸಿದ್ಧವಿರುವುದರಿಂದ ಕೆಲಸ ಬೇಗ ಸಾಗುತ್ತದೆ, ಬಲವೂ ಹೆಚ್ಚು.

ಆದುದರಿಂದ ಕರುವಿಗೆ ನಾಲ್ಕು ತಿಂಗಳಾದಾಗ ಮೊದಲ ಮದ್ದು, ತಿಂಗಳ ನಂತರ ಎರಡನೆಯದು, ಆಮೇಲೆ ಆರು ತಿಂಗಳಿಗೊಮ್ಮೆ ಹಾಕಿಸಿರಿ. ಜಾತ್ರೆಗೆ ಒಯ್ಯುವ ದನಕ್ಕೆ ಮೂರು ವಾರ ಮುಂಚಿತವಾಗಿಯೇ ಹಾಕಿಸಿರಿ. ಸಂತೆಯಿಂದ ಕೊಂಡುತಂದ ದನವನ್ನು ಅಷ್ಟೇ ದಿನ ಬೇರೆ ಕಟ್ಟಿರಿ. ಎತ್ತು ಹೊಲಕ್ಕಿಳಿಯಬೇಕಾದ ಹೊತ್ತಿಗೆ ಕುಂಟಿ ಮಲಗುವುದು ಆಗ ತಪ್ಪೀತು.