ಬಂದದ್ದೆಲ್ಲ ಮಾರಾಟವಲ್ಲ

ಪುಣೆಯ ಹಿಂಜವಾಡಿಯ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕಿನ ಸುತ್ತ ಇಡ್ಲಿ ಗಾಡಿ, ಮೆಸ್ಸು, ಪಿಜಿ ನಡೆಸಿ ಬದುಕುವವರಲ್ಲಿ ಕನ್ನಡಿಗರೂ ಇದ್ದಾರೆ. ಇವರ ಗಿರಾಕಿಗಳು ಇಪ್ಪತ್ತು ರೂಪಾಯಿಯ ಚಹಾಕ್ಕೂ ಜೇಬಿಗೆ ಕೈ ಹಾಕದೆ ಫೋನೇ ಎತ್ತುವವರು. ಹೀಗಾಗಿ ಅಂಗಡಿಯ ಜಮಾ ಬದಿಯನ್ನು ಬ್ಯಾಂಕೇ ಬರೆದಿಡುತ್ತದೆ, ಇನ್ನು ಕಿರ್ದಿ ಪುಸ್ತಕ ಯಾಕೆ ಎಂಬ ಧೈರ್ಯ ಅನೇಕರಿಗೆ ಬಂದುಬಿಟ್ಟಿದೆ. ನನಗೆ ಇದು ಅಪಾಯದ ಧೈರ್ಯ ಅನ್ನಿಸುತ್ತದೆ. ಎಷ್ಟು ಬಂತು ಎಂಬುದಷ್ಟೇ ಬ್ಯಾಂಕಿಗೆ ಗೊತ್ತು, ಯಾಕೆ ಬಂತು ಎಂಬುದು ಗಲ್ಲಾದ ಮೇಲೆ ಕೂತವರಿಗೆ ಮಾತ್ರ ಗೊತ್ತು. ಅದನ್ನು ಅಂದಂದೇ ಬರೆದಿಡದಿದ್ದರೆ ತೆರಿಗೆಯ ಹೊತ್ತಿಗೆ ಆ ತಿಳಿವಳಿಕೆಯೂ ಅಳಿಸಿಹೋಗಿರುತ್ತದೆ.

ಇದರ ಬಿಸಿ ಕರ್ನಾಟಕಕ್ಕೆ 2025ರ ಜುಲೈನಲ್ಲಿ ತಟ್ಟಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನೇ ಆಧಾರ ಮಾಡಿಕೊಂಡು ಬೇಕರಿ, ಟೀ ಅಂಗಡಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ ಸುಮಾರು 29 ಲಕ್ಷ ತೆರಿಗೆ ಕೇಳಿದ್ದು ದೊಡ್ಡ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಲೇಬೇಕು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆ ಗದ್ದಲ ತಣ್ಣಗಾಯಿತು. ಪುಣೆಯಲ್ಲಿರುವವರು ಅದು ಅಲ್ಲಿನ ಕಥೆ ಎಂದು ಸುಮ್ಮನಿರುವಂತಿಲ್ಲ. ಜಿಎಸ್‌ಟಿ ಮಿತಿ ಎರಡೂ ರಾಜ್ಯಗಳಲ್ಲಿ ಒಂದೇ: ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಹೋಟೆಲು, ಮೆಸ್ಸಿನ ಊಟ ಸೇವೆಯ ಲೆಕ್ಕಕ್ಕೇ ಸೇರುತ್ತದೆ.

ಒಂದು ಸಣ್ಣ ಮೆಸ್ಸನ್ನು ಊಹಿಸಿಕೊಳ್ಳಿ. ದಿನಕ್ಕೆ 6,000 ರೂಪಾಯಿ ವ್ಯಾಪಾರ, ವರ್ಷಕ್ಕೆ 300 ದಿನ. ಒಟ್ಟು 18 ಲಕ್ಷ, ಮಿತಿಯೊಳಗೇ. ಆದರೆ ಅದೇ ಖಾತೆಗೆ ಬೇರೆ ಹಣವೂ ಬೀಳುತ್ತದೆ. ಎಟಿಎಂಗೆ ಹೋಗಲು ಬೇಸರಪಟ್ಟ ಗಿರಾಕಿ ‘ಎರಡು ಸಾವಿರ ಪೇ ಮಾಡ್ತೀನಣ್ಣಾ, ಕ್ಯಾಶ್ ಕೊಡಿ’ ಅನ್ನುತ್ತಾನೆ. ಚೀಟಿ ಎತ್ತಿದ ದುಡ್ಡು, ಊರಿಂದ ತಮ್ಮ ಕಳಿಸಿದ ಕೈಗಡ ಎಲ್ಲ ಅಲ್ಲಿಗೇ. ಇವೆಲ್ಲ ಸೇರಿ ದಿನಕ್ಕೆ ಸರಾಸರಿ ಸಾವಿರವಾದರೂ ವರ್ಷದ ಜಮೆ 21 ಲಕ್ಷ. ಪಿಜಿಯವರಿಗೆ ಬರುವ ಡಿಪಾಸಿಟ್ಟೂ ಹೀಗೆಯೇ. ತಿರುಗಿ ಕೊಡಬೇಕಾದ ಹಣ ಆದಾಯವಲ್ಲ. ಬ್ಯಾಂಕಿನ ಕಾಗದ ಇದಕ್ಕೆ ಉಲ್ಟಾ, ವಹಿವಾಟು ಕಡಿಮೆ ತೋರಿಸಿ ತಪ್ಪುವುದೂ ಉಂಟು. ಸ್ವಿಗ್ಗಿ, ಜೊಮಾಟೊ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಹಾಕುತ್ತವೆ. ಆ ಊಟದ ಜಿಎಸ್‌ಟಿಯನ್ನು 2022ರ ಜನವರಿಯಿಂದ ಕಂಪನಿಗಳೇ ಕಟ್ಟುತ್ತಿದ್ದರೂ ನಿಮ್ಮ ವಹಿವಾಟಿಗೆ ಸೇರುವುದು ಕಮಿಷನ್ ಕಳೆಯುವ ಮುಂಚಿನ ಮೊತ್ತ. ಅವರ ತಿಂಗಳ ಸ್ಟೇಟ್‌ಮೆಂಟ್ ಇಳಿಸಿಟ್ಟುಕೊಳ್ಳದಿದ್ದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಹನ್ನೆರಡು ಲಕ್ಷದವರೆಗೆ ಆದಾಯ ತೆರಿಗೆಯೇ ಇಲ್ಲವಲ್ಲ, ಈ ತಾಪತ್ರಯ ಯಾಕೆ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ ಆ ರಿಯಾಯಿತಿ ಇದೆ. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಂ ಪ್ರಕಾರ ಡಿಜಿಟಲ್ ವಹಿವಾಟಿನ ಶೇ 6, ನಗದಿನ ಶೇ 8 ಲಾಭವೆಂದು ತೋರಿಸಿದರೆ ಪುಸ್ತಕ ಇಡುವ ಕಡ್ಡಾಯವೂ ತಪ್ಪುತ್ತದೆ. 2025ರ ಹೊಸ ಕಾಯ್ದೆಯೂ ಈ ಸೌಲಭ್ಯವನ್ನು ಉಳಿಸಿಕೊಂಡಿದೆ. ಆದರೆ ಶೇ 6 ಅಂದರೆ ಯಾವುದರ ಶೇ 6? ವಹಿವಾಟು ಎಷ್ಟೆಂದು ಹೇಳಲಾಗದವರಿಗೆ ಈ ಸೌಲಭ್ಯದಿಂದ ಅರ್ಧ ಉಪಯೋಗ ಮಾತ್ರ. ಜಿಎಸ್‌ಟಿಯಂತೂ ನಿಮ್ಮ ಲಾಭವನ್ನು ಕೇಳುವುದೇ ಇಲ್ಲ, ವಹಿವಾಟನ್ನು ಮಾತ್ರ ನೋಡುತ್ತದೆ.

ನೋಟಿಸಿನ ಗಾಬರಿಯಲ್ಲಿ ಬೆಂಗಳೂರಿನ ಅಂಗಡಿಗಳು ‘ನೋ ಯುಪಿಐ, ಓನ್ಲಿ ಕ್ಯಾಶ್’ ಬೋರ್ಡು ತೂಗುಹಾಕಿದವು. ನಗದಿಗೆ ಮರಳಿದ ಮಾತ್ರಕ್ಕೆ ವಹಿವಾಟು ಕಡಿಮೆಯಾಗುವುದಿಲ್ಲ, ಅದಕ್ಕೆ ಪುರಾವೆ ಕಡಿಮೆಯಾಗುತ್ತದೆ ಅಷ್ಟೆ. ಅದೂ ಪೂರ್ತಿಯಲ್ಲ: ಉಳಿತಾಯ ಖಾತೆಗಳಿಗೆ ವರ್ಷದಲ್ಲಿ 10 ಲಕ್ಷ ನಗದು ಕಟ್ಟಿದರೆ ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ. ಅದಲ್ಲದೆ ನಗದೇ ಬೇಕೆಂದರೆ ಹಿಂಜವಾಡಿಯ ಗಿರಾಕಿ ಪಕ್ಕದ ಗಾಡಿಗೆ ಹೋಗುತ್ತಾನೆ.

ಇದಕ್ಕೆಲ್ಲ ಉಪಾಯ ವ್ಯಾಪಾರಕ್ಕೇ ಬೇರೆ ಖಾತೆ. ಹಾಗೆಂದೊಡನೆ ಕರೆಂಟ್ ಅಕೌಂಟಿನ ಕನಿಷ್ಠ ಶಿಲ್ಕಿನ ಮಾತು ಬರುತ್ತದೆ. ಅದು ನಿಜವಾದ ಹೊರೆ. ಬ್ಯಾಂಕಿನಿಂದ ಬ್ಯಾಂಕಿಗೆ ಶರತ್ತು ಬೇರೆ, ನಾಲ್ಕು ಕಡೆ ವಿಚಾರಿಸಿಯೇ ತೆರೆಯಬೇಕು. ತೆರೆದ ಮೇಲೆ ಅಂಗಡಿಯ ಕ್ಯೂಆರ್ ಅದಕ್ಕೆ ಮಾತ್ರ ಜೋಡಿಸಿ, ಚೀಟಿ ದುಡ್ಡು, ಕೈಗಡ ಮನೆಯ ಖಾತೆಗೇ ಹೋಗಲಿ. ಮನೆ ಖರ್ಚಿಗೆ ವಾರಕ್ಕೊಮ್ಮೆ ಒಂದೇ ಮೊತ್ತ ದಾಟಿಸಿದರೆ ಸಾಕು, ಮನೆಯ ಕಿರಾಣಿಗೆ ಅಂಗಡಿಯ ಖಾತೆಯಿಂದಲೇ ಪೇ ಮಾಡುವುದು ಬೇಡ. ‘ಕ್ಯಾಶ್ ಕೊಡಿ’ ಅನ್ನುವ ಗಿರಾಕಿ ಬಂದೇ ಬರುತ್ತಾನೆ. ಅವನಿಗೆ ಕೊಟ್ಟದ್ದನ್ನು ತಾರೀಕು, ಮೊತ್ತ ಹಾಕಿ ಗಲ್ಲಾದ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಮೇಲೆಯೇ ನೋಟು ಎಣಿಸಿ.